ಒಳಗೆ ಬಂದ ಮೇಲೆ ಐದು ನಿಮಿಷ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿದ್ದ ಸುಮತಿಕುಮಾರನ ಕನ್ನಡಕದ ಅಂಗಡಿಗೆ ಬಂದವರೆಲ್ಲ ಅವನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ಅವನು ಒಮ್ಮೆಯೂ ತಿದ್ದಲಿಲ್ಲ. ಜನ ಪ್ರೀತಿಯಿಂದ ಕೊಟ್ಟದ್ದನ್ನು ಹಿಂದಿರುಗಿಸುವುದು ಮರ್ಯಾದೆಯಲ್ಲವೆಂದು ಅವನ ಅಭಿಪ್ರಾಯ. ಹಳೇಬೀಡಿನ ಬಸ್ತಿಹಳ್ಳಿಯವನು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ನಾಲ್ಕು ವರ್ಷ ಗಾಜು ಉಜ್ಜಿ, ವಾಪಸು ಬರುವಾಗ ಗಾಜುಗಳ ಒಂದು ಪೆಟ್ಟಿಗೆಯನ್ನೂ ಒಂದು ಬಿಳಿ ಕೋಟನ್ನೂ ತಂದಿದ್ದ. ಪೆಟ್ಟಿಗೆ ಕಣ್ಣಿನ ಪರೀಕ್ಷೆಗೆ. ಕೋಟು ಮಿಕ್ಕ ಎಲ್ಲದಕ್ಕೆ. ಸಂತೆಯ ದಿನಗಳಲ್ಲಿ ಎರಡನ್ನೂ ಹೊತ್ತುಕೊಂಡು ಬೇಲೂರು, ಹಳೇಬೀಡಿಗೂ ಹೋಗಿಬರುತ್ತಿದ್ದ. ಬಸ್ಸಿನಲ್ಲಿ ಕೋಟನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ಇಳಿಯುವ ಮೊದಲು ಹಾಕಿಕೊಳ್ಳುತ್ತಿದ್ದ.

ರೋಗಿಯನ್ನು ಕುರ್ಚಿಯ ಮೇಲೆ ಕೂರಿಸಿ, ಗಾಜು ಬದಲಿಸಿ, ‘ಇದು ಚೆನ್ನಾಗಿದೆಯೋ, ಇದೋ?’ ಎಂದು ಕೇಳುವಾಗ ಅವನ ದನಿಗೆ ನ್ಯಾಯಾಧೀಶರ ತೂಕ ಬರುತ್ತಿತ್ತು. ‘ಎರಡೂ ಒಂದೇ ಥರ ಕಾಣ್ತೈತೆ ಸ್ವಾಮಿ’ ಎಂದವರನ್ನು ಅವನು ಕ್ಷಮಿಸುತ್ತಿರಲಿಲ್ಲ. ಅಂಥವರಿಗೆ ಕನ್ನಡಕವನ್ನು ಒಂದು ವಾರ ತಡಮಾಡಿ ಕೊಡುತ್ತಿದ್ದ.

ಎಂಬತ್ತೆರಡರ ಬೇಸಗೆಯಲ್ಲಿ ಅವನ ಅಂಗಡಿಗೆ ಬಿಸಿಲಿಗೆ ಕಪ್ಪಾಗುವ ಗಾಜು ಬಂತು. ನೆರಳಿನಲ್ಲಿ ತಿಳಿ, ಬಿಸಿಲಿನಲ್ಲಿ ಕಪ್ಪು. ಊರಿನವರು ಅದಕ್ಕೆ ಗೋಸುಂಬೆ ಕನ್ನಡಕವೆಂದು ಹೆಸರಿಟ್ಟರು. ಸುಮತಿಕುಮಾರ ‘ಫೋಟೋಕ್ರೋಮ್ಯಾಟಿಕ್’ ಎಂದೇ ಹೇಳುತ್ತಿದ್ದ. ಅದನ್ನು ಒಂದೇ ಉಸಿರಿಗೆ ಹೇಳಲು ಅವನಿಗೆ ಎಂಟು ದಿನ ಹಿಡಿದಿತ್ತು. ಕೊಳ್ಳಬಹುದೆನ್ನಿಸಿದವರನ್ನು ಅಂಗಡಿಯ ಮುಂದಿನ ಫುಟ್‌ಪಾತಿಗೆ ಕರೆತಂದು, ಗಾಜಿನ ಅರ್ಧಕ್ಕೆ ರಟ್ಟಿನ ತುಂಡು ಮುಚ್ಚಿ ಬಿಸಿಲಿಗೆ ಹಿಡಿಯುತ್ತಿದ್ದ. ಒಂದು ನಿಮಿಷವಾದ ಮೇಲೆ ರಟ್ಟು ತೆಗೆದರೆ ಗಾಜು ಅರ್ಧ ಬಿಳಿ, ಅರ್ಧ ಕಪ್ಪು. ಸುತ್ತ ನೆರೆದವರು ಬಾಯಿಬಿಟ್ಟು ನೋಡುವಾಗ, ಆ ಗಾಜನ್ನು ಕಂಡುಹಿಡಿದವನು ತಾನೇ ಎನ್ನುವ ವಿನಯದಿಂದ ಸುಮತಿಕುಮಾರ ತಲೆ ತಗ್ಗಿಸುತ್ತಿದ್ದ.

ಗಾಜಿನ ಜೊತೆ ಬಂದ ಇಂಗ್ಲಿಷ್ ಚೀಟಿಯಲ್ಲಿ ಇನ್ನೊಂದು ವಿಷಯವಿತ್ತು. ಕಪ್ಪಾಗಲು ಒಂದು ನಿಮಿಷ ಸಾಕು. ಮತ್ತೆ ತಿಳಿಯಾಗಲು ನಾಲ್ಕೈದು ನಿಮಿಷ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ನಿಘಂಟು ಹಿಡಿದು ಓದಿಕೊಂಡಿದ್ದರಿಂದ ಮೊದಮೊದಲು ಅವನು ಅದನ್ನೂ ಹೇಳಿದ. ‘ಒಳಗೆ ಬಂದ ಮೇಲೆ ಐದು ನಿಮಿಷ ಬಾಗಿಲಲ್ಲೇ ನಿಂತುಕೊಳ್ಳಬೇಕು, ಅಷ್ಟೆ.’

ಅರೇಹಳ್ಳಿಯ ಕಾಫಿ ತೋಟದ ಸಾಹುಕಾರರೊಬ್ಬರು ಯೋಚನೆ ಮಾಡಿದರು. ‘ಹಂಗಾದ್ರೆ ಮನೆಯೊಳಕ್ಕೆ ಬಂದು ಐದು ನಿಮಿಷ ಹೆಂಡ್ತಿ ಮುಖ ಸರಿಯಾಗಿ ಕಾಣಲ್ಲ ಅನ್ನಿ. ಅದೇನೋ ಒಳ್ಳೇದೆ. ಆದ್ರೆ ಆಳುಗಳ ಕೈ ಕಾಣಬೇಕಲ್ರೀ.’ ಅವರು ಕೊಳ್ಳಲಿಲ್ಲ. ಹೈಸ್ಕೂಲು ಮೇಷ್ಟರು, ‘ಐದು ನಿಮಿಷದಲ್ಲಿ ನಮ್ಮ ಹುಡುಗರು ಸ್ಕೂಲನ್ನೇ ಎತ್ತಿಕೊಂಡು ಹೋಗ್ತಾರೆ’ ಎಂದರು. ಬಸ್ ಸ್ಟ್ಯಾಂಡಿನ ಏಜೆಂಟ್ ಗಾಜನ್ನು ಮೇಜಿನ ಮೇಲಿಟ್ಟು ಎದ್ದುಹೋದ. ನಾಲ್ಕನೆಯವನಿಗೆ ಸುಮತಿಕುಮಾರ ಆ ಮಾತನ್ನು ಹೇಳಲಿಲ್ಲ. ನಾಲ್ಕನೆಯವನು ಕೊಂಡ. ಅಂದಿನಿಂದ ಆ ಮಾತು ಇಂಗ್ಲಿಷ್ ಚೀಟಿಯ ಜೊತೆಗೆ ಡ್ರಾಯರಿನೊಳಗೆ ಸೇರಿತು.

ಜವರಯ್ಯ ಬಂದದ್ದು ಆ ವರ್ಷದ ಕಾರ್ತೀಕದಲ್ಲಿ.

ಜವರಯ್ಯನ ವಿಷಯ ಹೇಳಬೇಕು. ನಂಜುಂಡಯ್ಯನ ಮಂಡಿಯಲ್ಲಿ ಕೊಬ್ಬರಿಗೆ ತರ ಕರೆಯುವವನು, ಅಂದರೆ ದರ್ಜೆ ಕೂಗಿ ಹೇಳುವವನು, ಅವನು. ರೈತರು ತೆಂಗಿನಕಾಯನ್ನು ವರ್ಷಗಟ್ಟಲೆ ಅಟ್ಟದ ಮೇಲಿಟ್ಟು, ಒಳಗೇ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ತರುತ್ತಾರೆ. ಅಂಗಳದ ಬಿಸಿಲಿನಲ್ಲಿ ಗಾಡಿಗಳು ಬಂದು ನಿಂತರೆ ಜವರಯ್ಯ ಗಾಡಿಯಿಂದ ಗಾಡಿಗೆ ಹೋಗಿ ಚೀಲ ಆರಿಸಿ, ಅದರ ಹಿಂದೆಯೇ ಗೋದಾಮಿನೊಳಕ್ಕೆ ನುಗ್ಗಿ, ಒಂದು ಉಂಡೆ ಎತ್ತಿ ಕತ್ತಿಯಿಂದ ಎರಡು ಹೋಳು ಮಾಡಿ, ಒಂದು ಹೋಳಿನ ಒಳಗನ್ನು ನೋಡಿ ಎರಡನ್ನೂ ನೆಲಕ್ಕೆ ಬಿಸಾಡುತ್ತಿದ್ದ. ಹೋಳು ನೆಲ ಮುಟ್ಟುವುದರೊಳಗೆ ತೀರ್ಪು ಹೊರಬಿದ್ದಿರುತ್ತಿತ್ತು: ‘ಒಂದನೇ ತರ’, ‘ಎರಡನೇ ತರ’, ಇಲ್ಲವೇ ‘ಗಾಣಕ್ಕೆ’. ಗಾಣಕ್ಕೆ ಎಂದರೆ ಬಾಯಿಗೆ ಯೋಗ್ಯವಲ್ಲ, ಎಣ್ಣೆ ತೆಗೆಯಲು ಮಾತ್ರ. ಕರೆದ ತರ ತಿರುಗುವುದಿಲ್ಲ ಎಂಬುದು ಆ ಮಂಡಿಯ ಕಟ್ಟಳೆ. ಅತ್ತರೂ ಇಲ್ಲ, ಕಾಲು ಹಿಡಿದರೂ ಇಲ್ಲ. ನಶ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ಸತ್ತಿತ್ತು. ಕೊಬ್ಬರಿ ಕಮಟೋ ಅಲ್ಲವೋ ಮೂಸಿ ಹೇಳುವವರನ್ನು ಅವನು ‘ನಾಯಿಗಳು’ ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಕಣ್ಣನ್ನೇ ನಂಬಿ ಬದುಕಿದವನು. ಬಾಣಾವರದಿಂದ ಮಾದಿಹಳ್ಳಿಯವರೆಗೆ ಅವನಿಗೆ ಮಂಡಿಯ ಕಣ್ಣು ಎಂದೇ ಹೆಸರು. ಆ ಹೆಸರು ಬಿಟ್ಟರೆ ಅವನ ಬಳಿ ಬೇರೇನೂ ಇರಲಿಲ್ಲ. ಅದು ಇದ್ದದ್ದರಿಂದ ಬೇರೇನೂ ಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

‘ಬಿಸಿಲಿಗೆ ನೀರು ಸುರೀತವೆ’ ಎಂದ ಜವರಯ್ಯ, ಕುರ್ಚಿಯಲ್ಲಿ ಕೂತು. ‘ಅಂಗಳದಾಗೆ ನಿಲ್ಲಾಕೆ ಆಗ್ತಿಲ್ಲ. ಕಣ್ಣಿಗೇನೂ ಆಗಿಲ್ಲ, ಅದು ನಂಗೊತ್ತು. ಬಿಸಿಲೇ ಹೆಚ್ಚಾಗೈತೆ.’

ಸುಮತಿಕುಮಾರ ಪರೀಕ್ಷೆ ಮಾಡಿದ. ಅರವತ್ತರ ಕಣ್ಣಿಗೆ ಇರಬೇಕಾದ ಸಣ್ಣಪುಟ್ಟ ದೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಗಾಜು ಹಾಕಿದರೆ ಕಡೇ ಸಾಲಿನ ಅಕ್ಷರವನ್ನೂ ಜವರಯ್ಯ ಗಿಳಿಯ ಹಾಗೆ ಓದಿದ. ಆಮೇಲೆ ಫುಟ್‌ಪಾತು, ರಟ್ಟಿನ ತುಂಡು, ಅರ್ಧ ಬಿಳಿ, ಅರ್ಧ ಕಪ್ಪು.

‘ಬಿಸಿಲಿಗೆ ಕಪ್ಪಾಯ್ತು, ಸರಿ. ಒಳೀಕ್ಕೆ ಹೋದ್ರೆ?’

‘ತಾನಾಗೇ ತಿಳಿಯಾಗುತ್ತೆ.’

‘ಅದೇ ಕೇಳಿದ್ದು. ಎಷ್ಟೊತ್ತಿಗೆ? ನಾನು ಗೋದಾಮಿನಾಗೆ ಹೆಜ್ಜೆ ಇಟ್ಟಂಗೇ ತರ ಕರೆಯೋನು. ಮಾವನ ಮನೇಗೆ ಬಂದ ಅಳಿಯನಂಗೆ ಬಾಗಿಲಾಗೆ ನಿಂತ್ಕಳೋನಲ್ಲ.’

ಆ ಗಳಿಗೆಯಲ್ಲಿ ಸುಮತಿಕುಮಾರನಿಗೆ ಡ್ರಾಯರಿನೊಳಗಿನ ಚೀಟಿ ನೆನಪಾಯಿತು. ಆದರೆ ಮಂಡಿಯ ಕಣ್ಣಿಗೇ ತನ್ನ ಕನ್ನಡಕ ಏರಿತೆಂದರೆ ಅರಸೀಕೆರೆಯ ಮಂಡಿಗಳೆಲ್ಲ ಸಾಲುಗಟ್ಟುತ್ತವೆ. ಅವನು ನಕ್ಕ. ‘ಜವರಯ್ಯನೋರೆ, ಇದು ಬುದ್ಧಿವಂತ ಗಾಜು. ನೀವು ಕಣ್ಣು ಮಿಟುಕಿಸೋದ್ರೊಳಗೆ ಅದಕ್ಕೆ ಎಲ್ಲಿದೀನಿ ಅಂತ ಗೊತ್ತಾಗುತ್ತೆ.’

ಬುದ್ಧಿವಂತ ಎಂಬ ಮಾತು ಜವರಯ್ಯನಿಗೆ ಹಿಡಿಸಿತು. ಇಬ್ಬರು ಬುದ್ಧಿವಂತರು ಒಂದೆಡೆ ಸೇರಿದ ಹಾಗಾಯಿತಲ್ಲ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕಾದ ಜೈನರ ಮನೆ. ಸಂಜೆ ಐದಕ್ಕೆ ಎಲೆಯ ಮುಂದೆ ಕೂತ ಸುಮತಿಕುಮಾರ ಈ ಸುದ್ದಿಯನ್ನು ಹೆಂಡತಿ ಕಾಂಚನಮಾಲಾಳಿಗೆ ವರ್ಣಿಸಿ ಹೇಳಿದ. ಅವಳು ಪಲ್ಯ ಬಡಿಸುತ್ತ ಕೇಳಿದಳು: ‘ಆ ಮಾತು ಹೇಳಿದ್ರಾ?’

‘ಯಾವ ಮಾತು?’

‘ಚೀಟೀಲಿ ಓದಿ ಓದಿ ನನ್ನ ತಲೆ ತಿಂದಿದ್ದು. ಒಳಗೆ ಬಂದ ಮೇಲೆ ಐದು ನಿಮಿಷ.’

‘ಅವರು ಕೇಳಲಿಲ್ಲ.’

‘ಕೇಳಿದ್ರು ಅಂತ ಈಗ ತಾನೆ ನೀವೇ ಅಂದ್ರಿ.’

‘ನಿನಗೆ ವ್ಯಾಪಾರ ಗೊತ್ತಾಗಲ್ಲ ಕಣೇ.’

‘ನಿಜ. ಬಸದೀಲಿ ಸುಳ್ಳು ಹೇಳಬಾರದು ಅಂತ ಸ್ವಾಮಿಗಳು ಹೇಳಿದ್ದು ಗೊತ್ತು. ಅಂಗಡೀಲಿ ಹೇಳಬಹುದು ಅಂದಿದ್ದು ಮಾತ್ರ ನಾನು ಕೇಳಿಲ್ಲ. ಸಾರು ಹಾಕ್ಲಾ?’

ಮಾಗಿಯ ಚಳಿ ಬಿದ್ದಿತು. ಮಂಡಿಯಲ್ಲಿ ವಿಚಿತ್ರವಾಯಿತು. ಎಲ್ಲರ ಕೊಬ್ಬರಿಯೂ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಒಂದನೆಯದು ಎರಡನೆಯದಾಯಿತು, ಎರಡನೆಯದು ಗಾಣಕ್ಕೆ ಹೋಯಿತು. ಬಿಸಿಲಿನ ಅಂಗಳದಿಂದ ಕತ್ತಲೆ ಗೋದಾಮಿಗೆ ಕಾಲಿಟ್ಟೊಡನೆ ತರ ಕರೆಯುತ್ತಿದ್ದ ಜವರಯ್ಯನಿಗೆ ಹಾಲಿನಂಥ ಕೊಬ್ಬರಿ ಬೂದಿಯ ಹಾಗೆ ಕಾಣುತ್ತಿತ್ತು. ತನ್ನ ಕಣ್ಣನ್ನು ಅನುಮಾನಿಸುವ ಅಭ್ಯಾಸ ಅವನಿಗಿರಲಿಲ್ಲ, ಕನ್ನಡಕವಂತೂ ಬುದ್ಧಿವಂತ. ಉಳಿದದ್ದು ಕೊಬ್ಬರಿ. ‘ಈ ವರ್ಷದ ಮಳೆ ದೋಷ. ಕಾಯೇ ಕೆಟ್ಟವೆ’ ಎಂದು ಅವನು ಸಾರಿಬಿಟ್ಟ. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಕೆಲವು ಹಿರಿಯರು ಆ ವರ್ಷದ ಮಳೆಯನ್ನು ಬೈಯತೊಡಗಿದರು. ಮಿಕ್ಕವರು ಗಾಡಿ ತಿರುಗಿಸಿಕೊಂಡು ತಿಪಟೂರಿನ ಕಡೆ ಹೋದರು. ಮಂಡಿಯ ಮಾಲೀಕ ನಂಜುಂಡಯ್ಯನಿಗೆ ಎದೆಯುರಿ ಶುರುವಾಯಿತು.

ಬಾಣಾವರದ ಹತ್ತಿರದ ಹಳ್ಳಿಯಿಂದ ಬೋರಮ್ಮ ಆರು ಚೀಲ ತಂದಳು. ಗಂಡ ಸತ್ತ ಮೇಲೆ ತೋಟ ನಡೆಸುತ್ತಿದ್ದವಳು. ಜವರಯ್ಯ ಹೋಳು ಬಿಸಾಡಿ ‘ಗಾಣಕ್ಕೆ’ ಎಂದ. ಅವಳು ನೆಲದಿಂದ ಹೋಳನ್ನು ಎತ್ತಿಕೊಂಡು ಅವನ ಮುಂದೆಯೇ ಕಚ್ಚಿ ತಿಂದಳು. ‘ಸಕ್ಕರೆ ಐತೆ. ನೀನೂ ತಿಂದು ನೋಡಯ್ಯ.’

‘ಗಂಡ ಸತ್ತ ವರ್ಷವೇ ಹೇಳಿದ್ದೆ’ ಎಂದ ಜವರಯ್ಯ, ಸುತ್ತ ಇದ್ದವರಿಗೆ ಕೇಳುವಂತೆ. ‘ತೆಂಗಿನ ಮರಕ್ಕೆ ಗಂಡಸಿನ ನೆರಳು ಬೇಕು. ಸೀರೆ ನೆರಳಿಗೆ ಕಾಯಿ ಕಮಟಾಗ್ತದೆ.’

ಗೋದಾಮು ನಕ್ಕಿತು. ಬೋರಮ್ಮ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದಳು.

ಮಾರನೆಯ ದಿನ ಅವಳು ಸುಮತಿಕುಮಾರನ ಅಂಗಡಿಗೆ ಬಂದಳು. ಸೂಜಿಗೆ ದಾರ ಪೋಣಿಸಲು ಅಗ್ಗದ ಕನ್ನಡಕ ಬೇಕೆಂದಳು. ಬೇರೆ ಗಿರಾಕಿ ಇರಲಿಲ್ಲ. ಸುಮತಿಕುಮಾರನಿಗೆ ಪ್ರೇಕ್ಷಕರಿಲ್ಲದೆ ಕೂತು ಅಭ್ಯಾಸವಿರಲಿಲ್ಲ. ಜವರಯ್ಯನಿಗೆ ಕೊಟ್ಟಂಥದೇ ಗಾಜನ್ನು ಬಿಸಿಲಿನಲ್ಲಿ ಹಿಡಿದು ಅವಳಿಗೂ ತೋರಿಸಿದ. ಅವಳು ಅದನ್ನು ಕೈಗೆ ತೆಗೆದುಕೊಂಡು ಒಳಕ್ಕೆ ಬಂದು, ಅದರ ಮೂಲಕ ಗೋಡೆಯನ್ನು ನೋಡಿದಳು.

‘ಇದ್ಯಾಕೆ ಇನ್ನೂ ಕಪ್ಪಗೈತೆ?’

‘ಕಾಯಬೇಕಮ್ಮ. ಒಳಗೆ ಬಂದ ಮೇಲೆ ಐದು ನಿಮಿಷ. ಚಳೀಲಿ ಎಂಟೂ ಆಗುತ್ತೆ.’

ಎಷ್ಟು ತಿಂಗಳಿಂದ ಕೂಡಿಟ್ಟಿದ್ದ ಸತ್ಯವದು. ಅವಳು ಹೇಗಿದ್ದರೂ ಕೊಳ್ಳುವವಳಲ್ಲವಾದ್ದರಿಂದ ಸರಾಗವಾಗಿ ಹೊರಬಂತು. ಬೋರಮ್ಮ ಸೂಜಿ ಕನ್ನಡಕವನ್ನು ಮರೆತು ನೇರವಾಗಿ ಮಂಡಿಗೆ ಹೋದಳು. ಜವರಯ್ಯನ ಬಳಿಗಲ್ಲ, ನಂಜುಂಡಯ್ಯನ ಬಳಿಗೆ.

ನಂಜುಂಡಯ್ಯ ಆಗಲೇ ಜವರಯ್ಯನನ್ನು ಕರೆದು, ‘ಒಳಗೆ ಬಂದು ಐದು ನಿಮಿಷ ಕೂತ್ಕಂಡು ಆಮೇಲೆ ತರ ಕರಿ ಮಾರಾಯ’ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ಮಾಲೀಕನಿಗೇ ಅವನ ಸ್ವಂತ ಮಂಡಿಯಲ್ಲಿ ಮಾತಾಡಲು ಬಿಡದವನು ಜವರಯ್ಯ. ಅಂಥವನನ್ನು ಉಳಿಸುವ ಉಪಾಯ ಯಾರಿಗೆ ಬೇಕು. ನಂಜುಂಡಯ್ಯ ಬೋರಮ್ಮನಿಗೆ ಕಾಫಿ ತರಿಸಿದ.

ಮುಂದಿನ ವಾರ ಸುಮತಿಕುಮಾರನಿಗೆ ನಂಜುಂಡಯ್ಯನಿಂದ ಕರೆ ಬಂತು. ‘ನಿಮ್ಮ ಗಾಜಿನ ವಿಷಯ ನೋಡಬೇಕು ಅಂತ ನಾಕು ಜನ ಮಂಡಿಯೋರು ಸೇರ್ತಾರೆ. ಬನ್ನಿ ಡಾಕ್ಟ್ರೇ.’ ತನಗೆ ಸನ್ಮಾನವಿರಬಹುದೆಂದು ಅವನು ಕೋಟನ್ನು ಇಸ್ತ್ರಿ ಮಾಡಿಸಿದ. ಆರ್ಡರು ಬರೆದುಕೊಳ್ಳಲು ಹೊಸ ಪುಸ್ತಕವನ್ನೂ ಕಂಕುಳಲ್ಲಿಟ್ಟುಕೊಂಡ.

ಬೆಳಿಗ್ಗೆ ಹತ್ತರ ಹೊತ್ತು. ಬಿಸಿಲು ಚುರುಕು, ಗಾಳಿ ತಣ್ಣಗೆ. ಅಂಗಳದ ನಡುವೆ ನಂಜುಂಡಯ್ಯ ಎಂದೂ ಇಲ್ಲದ ವಿನಯದಿಂದ ಜವರಯ್ಯನನ್ನು ನಿಲ್ಲಿಸಿಕೊಂಡು ಅವನ ಸೊಸೆಯ ಬಾಣಂತನ, ಎಮ್ಮೆಯ ಕೆಚ್ಚಲು, ಎಲ್ಲವನ್ನೂ ವಿಚಾರಿಸಿದ. ಹತ್ತು ನಿಮಿಷದಲ್ಲಿ ಜವರಯ್ಯನ ಕನ್ನಡಕ ಇದ್ದಿಲಿನಂತಾಯಿತು. ‘ಬಾ ಜವರಯ್ಯ, ಒಂದು ಚೀಲ ಐತೆ’ ಎಂದು ಒಳಗೆ ಕರೆದೊಯ್ದ.

ಜವರಯ್ಯ ಉಂಡೆ ಎತ್ತಿದ, ಹೋಳು ಮಾಡಿದ, ನೋಡಿದ, ಬಿಸಾಡಿದ. ‘ಗಾಣಕ್ಕೆ.’

ಗೋಡೆಗೊರಗಿ ನಿಂತಿದ್ದ ಬೋರಮ್ಮ ಬಗ್ಗಿ ಎರಡೂ ಹೋಳುಗಳನ್ನು ಎತ್ತಿಕೊಂಡಳು. ಜವರಯ್ಯ ಗಮನಿಸಲಿಲ್ಲ, ಬಿಸಾಡಿದ್ದನ್ನು ನೋಡುವವನಲ್ಲ ಅವನು. ಅಷ್ಟರಲ್ಲಿ ಕಾಫಿ ಬಂತು. ನಂಜುಂಡಯ್ಯ ಅವನಿಗೆ ಚೀಲಗಳ ಮೇಲೆ ಮಣೆ ಹಾಕಿಸಿ ಕೂರಿಸಿದ. ಹಳೆಯ ಕಾಲದಲ್ಲಿ ಅವನು ಒಂದೇ ದಿನ ಇನ್ನೂರು ಚೀಲ ಕರೆದ ಕಥೆಯನ್ನು ಯಾರೋ ಕೇಳಿದರು. ಆ ಕಥೆ ಹೇಳಲು ಜವರಯ್ಯನಿಗೆ ಕಾಲು ಗಂಟೆ ಬೇಕು. ನಂಜುಂಡಯ್ಯನೂ ಬೋರಮ್ಮನೂ ಮಾತ್ರ ಕಥೆ ಕೇಳದೆ ಕನ್ನಡಕ ನೋಡುತ್ತಿದ್ದರು. ಇದ್ದಿಲು ಬೂದಿಯಾಯಿತು, ಬೂದಿ ಹೊಗೆಯಾಯಿತು, ಹೊಗೆಯೂ ಕರಗಿತು. ಸುಮತಿಕುಮಾರನಿಗೆ ಆಗ ಅರ್ಥವಾಯಿತು. ಪುಸ್ತಕವನ್ನು ಕೋಟಿನೊಳಕ್ಕೆ ಸರಿಸಿಕೊಂಡ.

‘ದೂರದಿಂದ ಸ್ಯಾಂಪಲ್ಲು ಬಂದೈತೆ, ನೋಡ್ತೀಯಾ?’ ಎಂದ ನಂಜುಂಡಯ್ಯ. ಸ್ಯಾಂಪಲ್ಲು ಬರುವುದು ಹೋಳಿನಲ್ಲೇ. ಜವರಯ್ಯನಿಗೆ ಅನುಮಾನ ಬರಲಿಲ್ಲ. ಹೋಳನ್ನು ಕೈಯಲ್ಲಿ ಹಿಡಿದು ಅವನ ಮುಖ ಅರಳಿತು.

‘ಒಂದನೇ ತರ. ಎರಡು ತಿಂಗಳಿಂದ ಇಂಥಾದ್ದು ಕಂಡಿರಲಿಲ್ಲ.’ ಬೋರಮ್ಮನ ಕಡೆ ತಿರುಗಿದ. ‘ನೋಡ್ಕಳಮ್ಮ. ಕೊಬ್ಬರಿ ಅಂದ್ರೆ ಹಿಂಗಿರಬೇಕು.’

‘ಹೌದಾ’ ಎಂದಳು ಬೋರಮ್ಮ. ಮಡಿಲಿನಿಂದ ಇನ್ನೊಂದು ಹೋಳು ತೆಗೆದು, ಅವನ ಕೈಯಲ್ಲಿದ್ದ ಹೋಳಿನ ಮೇಲೆ ಮುಚ್ಚಳ ಮುಚ್ಚುವ ಹಾಗೆ ಕೂರಿಸಿದಳು. ಎರಡೂ ಕೂಡಿಕೊಂಡವು. ಕತ್ತಿ ಜಾರಿ ಆದ ಓರೆ ಗೀರು ಕೂಡ ಈ ಕಡೆಯದು ಆ ಕಡೆಯದಕ್ಕೆ ಸರಿಯಾಗಿ ಸೇರಿತು. ‘ಮೇಲಿನದು ಗಾಣಕ್ಕಾ, ಕೆಳಗಿನದಾ?’

ನಗು ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಹಿಂದೆ ನಿಂತವರಿಂದ ಬಂತು, ಆಮೇಲೆ ಹಮಾಲರಿಂದ, ಕಡೆಗೆ ಜವರಯ್ಯನಿಗಿಂತ ಹಿರಿಯರಾದವರಿಂದಲೂ. ‘ಅಂಗಾದ್ರೆ ನಮ್ಮದೆಲ್ಲಾ ಗಾಣಕ್ಕೆ ಹೋಗಿದ್ದು ಇಂಗೇನ್ಲಾ’ ಎಂದ ಒಬ್ಬ. ‘ಮಂಡಿ ಕಣ್ಣಿಗೆ ಪೊರೆ ಬಂದೈತೆ’ ಎಂದ ಇನ್ನೊಬ್ಬ. ಜವರಯ್ಯ ಆ ಉಂಡೆಯನ್ನು ಬಿಡಿಸಿದ, ಕೂಡಿಸಿದ, ಬೆರಳಿನಿಂದ ಗೀರನ್ನು ಸವರಿದ. ಎರಡು ಸಲ ಕರೆದಿದ್ದ. ಕರೆದದ್ದು ಎರಡೂ ತಿರುಗುವ ಹಾಗಿರಲಿಲ್ಲ.

ಆಮೇಲೆ ಬಿಳಿ ಕೋಟು ಅವನಿಗೆ ಕಾಣಿಸಿತು.

‘ಡಾಕ್ಟ್ರೇ, ನೀವು ಓದಿದೋರು. ಎಲ್ರ ಮುಂದೆ ಒಂದು ಮಾತು ಹೇಳಿಬಿಡಿ. ದೋಷ ಕನ್ನಡಕದ್ದಾ, ನನ್ನ ಕಣ್ಣಿಂದಾ?’

ನಂಜುಂಡಯ್ಯನಿಗೂ ಬೋರಮ್ಮನಿಗೂ ಉತ್ತರ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಸುಮತಿಕುಮಾರ ಸುತ್ತ ನೋಡಿದ. ಮುಂದಿನ ಸಾಲಿನಲ್ಲಿದ್ದ ಮಂಡಿಯವರಲ್ಲಿ ಏಳು ಜನ ಅವನ ಗಾಜನ್ನೇ ಹಾಕಿದ್ದರು. ಇನ್ನೂ ಕೆಲವರು ವಿಚಾರಿಸಿ ಹೋಗಿದ್ದರು. ‘ಒಳಗೆ ಬಂದ ಮೇಲೆ ಐದು ನಿಮಿಷ’, ಐದೇ ಪದ ಸಾಕಿತ್ತು. ಅವನು ಗಂಟಲು ಸರಿಮಾಡಿಕೊಂಡು, ಗಾಜು ತಿರುಗಿಸುವಾಗಿನ ಆ ನ್ಯಾಯಾಧೀಶರ ದನಿಯಲ್ಲಿ ಹೇಳಿದ:

‘ಗಾಜಿನಲ್ಲಿ ದೋಷವಿಲ್ಲ. ನಿಮಗೂ ವಯಸ್ಸಾಯ್ತಲ್ಲ ಜವರಯ್ಯನೋರೆ.’

ಎರಡು ವಾಕ್ಯಗಳೂ ನಿಜ. ಅದನ್ನು ಅವನು ಮನೆಯಲ್ಲಿ ಹಲವು ಸಲ ಹೇಳಿಕೊಂಡ. ಕಾಂಚನಮಾಲಾ ಕೇಳಿಸಿಕೊಂಡು, ‘ನಿಮ್ಮ ನಿಜ ತೂಕಕ್ಕೆ ಹಾಕಿದ್ರೆ ಸುಳ್ಳಿಗಿಂತ ಭಾರ ಬರುತ್ತೆ’ ಎಂದು ಎಲೆ ಎತ್ತಿಕೊಂಡು ಹೋದಳು.

ಮೂರು ವಾರದ ಮೇಲೆ, ಶಿವರಾತ್ರಿ ಹತ್ತಿರ ಬಂದಾಗ, ಜವರಯ್ಯ ಅಂಗಡಿಗೆ ಬಂದ. ಹೆಂಡತಿ ಮುದ್ದಮ್ಮ ಅವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ‘ಮಂಡಿಗೆ ಹೋಗಲ್ಲ, ಮನೆಯಿಂದ ಆಚೆ ಬರಲ್ಲ ಸ್ವಾಮಿ. ಕಣ್ಣು ಹೋಯ್ತು ಅಂತ ಕುಂತವ್ರೆ. ತಟ್ಟೇಲಿರೋ ಮುದ್ದೇನೂ ತಡಕಾಡ್ತಾರೆ. ಏನಾದ್ರೂ ಹೆಚ್ಚಿನ ಪವರು ಕೊಡಿ.’

ಸುಮತಿಕುಮಾರ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಕನ್ನಡಕ ತಿಳಿಯಾಗುವ ತನಕ ಕಾದ. ಈ ಸಲ ಗಡಿಯಾರ ನೋಡಿಕೊಂಡೇ ಕಾದ. ಆಮೇಲೆ ಅಕ್ಷರದ ಹಲಗೆ ತೋರಿಸಿದ. ಜವರಯ್ಯ ಕಡೇ ಸಾಲಿನವರೆಗೆ ತಡವರಿಸದೆ ಓದಿದ.

‘ಕಣ್ಣು ಸರಿಯಾಗಿದೆಯಲ್ರೀ.’

‘ಬಾಯಿಪಾಠ. ಹೋದ ಸಲ ಓದಿದ್ದು ನೆನಪೈತೆ.’

ಸುಮತಿಕುಮಾರ ಇನ್ನೊಂದು ಹಲಗೆ ತಂದ. ಅದನ್ನೂ ಜವರಯ್ಯ ಓದಿದ. ‘ಅಂದಾಜಿನ ಮ್ಯಾಲೆ ಹೇಳ್ದೆ’ ಎಂದ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಮತಿಕುಮಾರ ಡ್ರಾಯರು ಎಳೆದು ಚೀಟಿ ತೆಗೆದು ಎಲ್ಲವನ್ನೂ ಹೇಳಿದ: ಬಿಸಿಲು, ನೆರಳು, ಚಳಿ, ಐದು ನಿಮಿಷ. ‘ಬಾಗಿಲಲ್ಲಿ ಸ್ವಲ್ಪ ನಿಂತಿದ್ದರೆ ಸಾಕಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.’

ಜವರಯ್ಯ ಅವನನ್ನೇ ನೋಡಿದ. ನೇರವಾಗಿ, ಕೊಬ್ಬರಿಯ ಹೋಳು ನೋಡುವ ಹಾಗೆ. ‘ನಾಳೆ ಮಂಡಿಗೆ ಬಂದು ಇದೇ ಮಾತು ಹೇಳ್ತೀರಾ?’

‘ಮಂಡೀಲಿ ಹೇಳಿದ್ರೆ... ಆ ಜನಕ್ಕೆ ವಿಜ್ಞಾನ ಅರ್ಥ ಆಗಲ್ಲ ಕಣ್ರೀ. ಇರೋ ಗಾಜನ್ನೆಲ್ಲ ವಾಪಸು ತಂದು ಸುರೀತಾರೆ.’

‘ಬ್ಯಾಡ ಬಿಡಿ’ ಎಂದು ಜವರಯ್ಯ ಎದ್ದ. ‘ಕರೆದ ತರ ತಿರುಗಲ್ಲ. ನಾನೇ ಮಾಡಿದ ಕಟ್ಟಳೆ ಅದು. ಎಷ್ಟು ಜನ ಕಾಲು ಹಿಡಿದ್ರೂ ನಾನು ತಿರುಗಿಸಿಲ್ಲ. ನನ್ನ ಕಣ್ಣನ್ನ ಗಾಣಕ್ಕೆ ಅಂತ ಎಲ್ರ ಮುಂದೆ ನೀವು ಕರೆದ್ರಿ. ಮುಗೀತು.’

ಅವನು ಕೈ ಚಾಚಿದ. ಮುದ್ದಮ್ಮ ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಹೋದರು. ಒಂದು ನಿಮಿಷದಲ್ಲಿ ಕನ್ನಡಕ ಕಪ್ಪಾಯಿತು. ಎದುರು ಬಂದವರು ‘ಪಾಪ’ ಎಂದು ದಾರಿ ಬಿಟ್ಟರು. ಸ್ವಲ್ಪ ಮುಂದೆ ರಸ್ತೆಯ ನಡುವೆ ಎಮ್ಮೆ ಹಾಕಿದ ಹಸಿ ಸಗಣಿಯಿತ್ತು. ಮುದ್ದಮ್ಮ ಗಂಡನ ಮುಖ ನೋಡುತ್ತ ನಡೆದವಳು ಅದರೊಳಕ್ಕೇ ಕಾಲಿಟ್ಟಳು. ಜವರಯ್ಯ ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಸಗಣಿಯನ್ನು ಅಚ್ಚುಕಟ್ಟಾಗಿ ದಾಟಿ, ಆಚೆ ನಿಂತು, ಕುರುಡನ ಹಾಗೆ ಮತ್ತೆ ಕೈ ಚಾಚಿದ.

ಬಾಗಿಲಲ್ಲಿ ನಿಂತು ಸುಮತಿಕುಮಾರ ಅದನ್ನು ನೋಡಿದ. ಮೆಟ್ಟಿಲ ಪಕ್ಕದ ನೆರಳಿನಿಂದ ಯಾರೋ, ‘ಡಾಕ್ಟ್ರೇ, ಆ ಗೋಸುಂಬೆ ಕನ್ನಡಕ ಐತಲ್ಲ, ಅದು ನೆಳ್ಳಿಗೆ ಬಂದ್ರೆ ಎಂಗೆ?’ ಎಂದು ಕೇಳಿದರು. ಬೇಲೂರಿನ ಕಡೆಯ ರೈತ, ಹೊಸ ಗಿರಾಕಿ. ಸುಮತಿಕುಮಾರ ಕೋಟಿನ ಗುಂಡಿ ಹಾಕಿಕೊಂಡು, ರಟ್ಟಿನ ತುಂಡನ್ನು ಕೈಗೆತ್ತಿಕೊಂಡ.

‘ಬನ್ನಿ, ಬಿಸಿಲಿಗೆ ಬನ್ನಿ’ ಎಂದ. ‘ಬುದ್ಧಿವಂತ ಗಾಜು ಇದು.’